ಬೆರಳು ತೋರಿಸದ ಹವಾಲ್ದಾರ

ಹವಾಲ್ದಾರ್ ಮುದ್ದಪ್ಪನವರು ಯಾರತ್ತಲೂ, ಯಾವುದರತ್ತಲೂ ಬೆರಳು ತೋರಿಸುವುದಿಲ್ಲ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಅಪರಿಚಿತರೊಬ್ಬರು ಬಂದು ಧರ್ಮಪುರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದರೆ, ಬೇರೆಯವರು ಕೈ ಚಾಚಿ 'ಅಗೋ ಅಲ್ಲಿ' ಎಂದು ಕೈತೊಳೆದುಕೊಳ್ಳುತ್ತಾರೆ, ಮುದ್ದಪ್ಪನವರು ಕೇಳಿದವರ ಭುಜ ಹಿಡಿದು, ಚೀಲಸಮೇತ ಅವರನ್ನು ಆ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ, "ಕೆಂಪು ಬಸ್ಸು ಕಾಣ್ತೈತಾ? ಅದೇ" ಎನ್ನುತ್ತಾರೆ. ಮೊಮ್ಮಕ್ಕಳಿಗೆ ಚಂದ್ರನನ್ನು ತೋರಿಸುವಾಗಲೂ ಅವರು ಬಳಸುವುದು ಗದ್ದವನ್ನೇ. ಬಲಗೈಯ ತೋರುಬೆರಳು ಸದಾ ಅಂಗೈಗೆ ಒತ್ತಿಕೊಂಡು ಮಡಚಿಯೇ ಇರುತ್ತದೆ, ಊಟಕ್ಕೆ ಕುಳಿತಾಗ ಮಾತ್ರ ಬಿಚ್ಚಿಕೊಳ್ಳುತ್ತದೆ. ಹೊಸಬರು ಅದನ್ನು ನೋಡಿ, ಪಾಪ, ಯುದ್ಧದಲ್ಲಿ ಪೆಟ್ಟಾಗಿರಬೇಕು ಎಂದು ಮರುಗುತ್ತಾರೆ. ಆ ಬೆರಳಿಗೆ ಯಾವ ಪೆಟ್ಟೂ ಆಗಿಲ್ಲ.

ಯಲ್ಲದಕೆರೆಯ ಸಮೀಪದ ಗೊಲ್ಲರ ಹಟ್ಟಿಯೊಂದರಲ್ಲಿ ಕುರಿ ಕಾಯುತ್ತ ಬೆಳೆದು, ಮೀಸೆ ಮೂಡುವ ವಯಸ್ಸಿಗೆ ಸೈನ್ಯ ಸೇರಿ, ಎಲ್ಲೋ ಉತ್ತರದ ಹಿಮದಲ್ಲಿ ಒಂದು ಮಂಡಿಯನ್ನು ಹಾಳುಮಾಡಿಕೊಂಡು ಊರಿಗೆ ಮರಳಿದ ಮನುಷ್ಯ ಅವರು. ಎಡಗಾಲನ್ನು ಮುಂದಿಟ್ಟು, ನೆಲಕ್ಕೆ ಒಪ್ಪಿಗೆಯೇ ಎಂದು ವಿಚಾರಿಸಿಕೊಂಡವರಂತೆ ಒಂದು ಕ್ಷಣ ತಡೆದು, ಆಮೇಲೆ ಬಲಗಾಲನ್ನು ಎಳೆದುಕೊಳ್ಳುವ ಅವರ ನಡಿಗೆಯನ್ನು ಇಡೀ ಹೋಬಳಿ ದೂರದಿಂದಲೇ ಗುರುತಿಸುತ್ತದೆ. ಮೈಮೇಲೆ ಸದಾ ಅದೇ ಹಸಿರು ಜರ್ಸಿ, ಮೊಣಕೈಗಳಿಗೆ ಚರ್ಮದ ತೇಪೆ. ದುರ್ಗದ ಕಲ್ಲುಗಳು ಕಾದ ಹಂಚಿನಂತಾಗುವ ಚೈತ್ರ ವೈಶಾಖದಲ್ಲೂ ಅದನ್ನು ಬಿಚ್ಚದ ಅವರನ್ನು ಕಂಡು, 'ಹವಾಲ್ದಾರಪ್ಪನಿಗೆ ಹಿಮ ಇನ್ನೂ ಕರಗಿಲ್ಲ' ಎಂದು ಹಟ್ಟಿಯ ಹೆಂಗಸರು ನಗುತ್ತಿದ್ದ ಕಾಲವೊಂದಿತ್ತು. ಈಗ ಯಾರೂ ನಗುವುದಿಲ್ಲ.

ಇಂಥ ಮುದ್ದಪ್ಪನವರು ಪ್ರತಿ ಶನಿವಾರ ಸಂಜೆ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬರುತ್ತಾರೆ. ಅಲ್ಲಿ ಕಬ್ಬಿಣದ ಸಾಮಾನಿನ ವರ್ತಕರಾದ ಗುರುರಾಜ್ ಎಂಬವರು ಬಂದೂಕಿನ ಹವ್ಯಾಸವುಳ್ಳ ನಾಲ್ಕು ಜನರನ್ನು ಕೂಡಿಸಿ ಗುರಿಕಾರರ ಬಳಗವೊಂದನ್ನು ಕಟ್ಟಿದ್ದಾರೆ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು, ಶ್ರಾವಣದಲ್ಲಿ ಮಠಕ್ಕೆ ತಪ್ಪದ ನಡೆ. ಅಹಿಂಸೆಯ ಮೇಲೆ ಪ್ರವಚನ ಕೇಳಿಬಂದು ಮರುದಿನ ರೈಫಲಿಗೆ ಎಣ್ಣೆ ಹಾಕುವುದರಲ್ಲಿ ಅವರಿಗೆ ಯಾವ ವಿರೋಧಾಭಾಸವೂ ಕಂಡಿಲ್ಲ. ಹೊಳಲ್ಕೆರೆ ರಸ್ತೆಯಲ್ಲಿ ಕೈಬಿಟ್ಟ ಕಲ್ಲಿನ ಕ್ವಾರಿಯೊಂದು ಅವರ ಮೈದಾನ. ಹಿಂದಿನ ಗುಡ್ಡ ಎಷ್ಟು ಗುಂಡನ್ನಾದರೂ ನುಂಗಿಕೊಂಡು ಸುಮ್ಮನಿರುತ್ತದೆ. ವಾರಾಂತ್ಯದ ಶಿಬಿರಕ್ಕೆ ಬರುವವರಲ್ಲಿ ಪದಕದ ಆಸೆಯ ಕಾಲೇಜು ಹುಡುಗಿಯರೂ ಇದ್ದಾರೆ, ಹೊಸದುರ್ಗ ಹೊಳಲ್ಕೆರೆ ಕಡೆಯ, ಬೆಳೆ ರಕ್ಷಣೆಗೆಂದು ಬಂದೂಕಿನ ಪರವಾನಗಿ ಪಡೆದ ರೈತರೂ ಇದ್ದಾರೆ. ಇವರೆಲ್ಲರಿಗೂ ಮುದ್ದಪ್ಪನವರೇ ಗುರು. ಅವರು ಪ್ರತಿಫಲವಾಗಿ ಸ್ವೀಕರಿಸುವುದು ಚಹಾ ಮಾತ್ರ, ಸಕ್ಕರೆ ಜಾಸ್ತಿ ಇರಬೇಕು ಅಷ್ಟೇ.

ಪಾಠ ಹೇಳುವಾಗ ಪ್ರತಿ ಮಾತಿನ ಬಾಲಕ್ಕೆ ಅವರೊಂದು ಪ್ರಶ್ನೆ ಕಟ್ಟುತ್ತಾರೆ: "ಗೊತ್ತಾತೋ, ಗೊತ್ತಾಗ್ಲಿಲ್ವೋ?" 'ಗೊತ್ತಾಯ್ತು ಸಾರ್' ಎಂದು ಥಟ್ಟನೆ ಉತ್ತರಿಸಿದವರನ್ನು ಅನುಮಾನದಿಂದ ನೋಡುತ್ತಾರೆ. 'ಗೊತ್ತಾಗ್ಲಿಲ್ಲ' ಎಂದವರ ಪಕ್ಕ ಹೋಗಿ ಕುಳಿತು, ಮೊದಲಿನಿಂದ ಶುರುಮಾಡುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ "ಗುಂಡು ಬಿಟ್ರೆ ಹೋತು" ಎಂದು ಮೂರನೆಯದೊಂದನ್ನು ಸೇರಿಸಿ, ಹೊಸ ತಂಡ ಬಂದಾಗಲೆಲ್ಲ ಹೇಳುತ್ತಾರೆ. ಆದರೆ ಹಳೆಯ ಶಿಷ್ಯರು ಇನ್ನೊಂದು ಮಾತನ್ನು ನೆನೆಯುತ್ತಾರೆ. ಹಿಂದೆ ಯಾರಾದರೂ ಗುರಿಹಲಗೆಯ ನಡುವಿನ ಕಪ್ಪು ಚುಕ್ಕೆಯನ್ನು ತೂತು ಮಾಡಿದರೆ, ಕ್ವಾರಿಯ ಗೋಡೆಗಳೇ ಮರುದನಿ ಕೊಡುವಂತೆ ಅವರು "ಶಾಬಾಶ್" ಎನ್ನುತ್ತಿದ್ದರಂತೆ. ಆ ಒಂದು ಶಾಬಾಶಿಗಾಗಿ ಜನ ವಾರಗಟ್ಟಲೆ ಬೋರಲು ಮಲಗಿ ಹೊಟ್ಟೆ ಸವೆಸುತ್ತಿದ್ದರಂತೆ. ಈಗ ಯಾರು ಎಷ್ಟೇ ಚೆನ್ನಾಗಿ ಹೊಡೆಯಲಿ, ಅವರು "ಹ್ಞೂಂ" ಎಂದು ಮುಂದಿನವನ ಕಡೆ ನಡೆಯುತ್ತಾರೆ.

ಅತಿ ಹೆಚ್ಚು ಶಾಬಾಶ್ ಗಿಟ್ಟಿಸಿದವನು ಜುಂಜೇಶ್, ಅವರ ಅಕ್ಕ ಚಿತ್ತಮ್ಮನ ಮಗ. ತಾಯಿ ಬೇಗ ತೀರಿಕೊಂಡ ಮುದ್ದಪ್ಪನವರನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಈ ಅಕ್ಕನೇ. ಅವಳನ್ನು ಧರ್ಮಪುರದ ಕಡೆಯ ಹಟ್ಟಿಗೆ, ಕರಿಯಣ್ಣನೆಂಬ ಸಾಧು ಸ್ವಭಾವದವನಿಗೆ ಕೊಟ್ಟಿತ್ತು. ಒಂದಿಷ್ಟು ಕುರಿ, ಒಂದಿಷ್ಟು ಶೇಂಗಾ ಹೊಲ, ಹಂದಿ ಕರಡಿಗಳನ್ನು ಬೆದರಿಸಲು ಕರಿಯಣ್ಣನ ಹೆಸರಿನಲ್ಲೊಂದು ಪರವಾನಗಿಯ ಬಂದೂಕು. ಅದನ್ನು ಗಾಳಿಗೆ ಹಾರಿಸುವುದಕ್ಕೂ ಕರಿಯಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮಗ ಹಾಗಲ್ಲ. ಮಾವನ ಹಿಂದೆ ಬಿದ್ದು ದುರ್ಗದ ಶಿಬಿರಕ್ಕೆ ಬಂದ ಜುಂಜೇಶ್ ಮೊದಲ ದಿನವೇ ಉಸಿರು ಹಿಡಿಯುವುದನ್ನು ಯಾರೂ ಹೇಳಿಕೊಡದೆ ಹಿಡಿದ. ಮುದ್ದಪ್ಪನವರು ಸೈನ್ಯದಲ್ಲಿ ಕಲಿತದ್ದನ್ನೆಲ್ಲ ಆ ಹುಡುಗನಿಗೆ ಧಾರೆ ಎರೆದರು. ಮೊಣಕೈ ಎಲ್ಲಿ ಊರಬೇಕು, ಅರ್ಧ ಉಸಿರನ್ನು ಎಲ್ಲಿ ನಿಲ್ಲಿಸಬೇಕು, ಬೆರಳು ತನಗೇ ತಿಳಿಯದಂತೆ ಹೇಗೆ ಒತ್ತಬೇಕು. "ನನ್ನ ಅಳಿಯ ತಪ್ಪಾಕಿಲ್ಲ" ಎಂದು ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಹೇಳಿಕೊಂಡು ತಿರುಗಿದರು. ಹೆಮ್ಮೆಪಡುವುದು ಅಪರಾಧವೇನಲ್ಲ, ಹೆತ್ತವರೂ ಕಲಿಸಿದವರೂ ಪಡದಿದ್ದರೆ ಇನ್ನಾರು ಪಡಬೇಕು?

ಆ ವರ್ಷ ಶೇಂಗಾ ಬಲಿಯುವ ಹೊತ್ತಿಗೆ ಕರಡಿಯೊಂದು ಹೊಲಗಳಿಗೆ ಇಳಿಯತೊಡಗಿತ್ತು. ನೆರೆಹಟ್ಟಿಯ ಮುದುಕನೊಬ್ಬನ ಮುಖವನ್ನು ಅದು ಕಿತ್ತು ಹಾಕಿ ವಾರವಾಗಿರಲಿಲ್ಲ. ಜುಂಜೇಶ್ ಅಪ್ಪನ ಬಂದೂಕು ಹಿಡಿದು ಹೊಲದ ಕಾವಲಿಗೆ ಹೋಗಿದ್ದ. ಕತ್ತಲಿನಲ್ಲಾಗಲಿ ಮಬ್ಬಿನಲ್ಲಾಗಲಿ ಕಾವಲಿರುವ ಹೊಲಕ್ಕೆ ಕಾಲಿಡುವವನು, ಸ್ವಂತ ಹೊಲವೇ ಆದರೂ, ಬದುವಿನ ಮೇಲೆ ನಿಂತು ಒಂದು ಕೂಗು ಹಾಕಬೇಕು. ಒಳಗಿನಿಂದ ಮರುಕೂಗು ಬಂದ ಮೇಲೆ ಮುಂದಿನ ಹೆಜ್ಜೆ. ಆ ಹಟ್ಟಿಗಳ ಕಟ್ಟಳೆ ಅದು, ಮಕ್ಕಳಿಗೂ ಗೊತ್ತು. ಅಂದು ಮುಂಜಾವಿನಲ್ಲಿ, ನೆಲಕ್ಕೆ ಅಂಟಿದ ಕಾವಳದ ಮಂಜು ಇನ್ನೂ ಎದ್ದಿರದ ಹೊತ್ತಿನಲ್ಲಿ, ಮಗನನ್ನು ಕಾವಲಿನಿಂದ ಬಿಡಿಸೋಣವೆಂದು ಕರಿಯಣ್ಣ ಹೊಲಕ್ಕೆ ಬಂದ. ಚಳಿಗೆ ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟಿದ್ದ. ಮಗ ಮಲಗಿರಬಹುದು, ಎಬ್ಬಿಸುವುದೇಕೆ ಎಂದು ಕೂಗು ಹಾಕಲಿಲ್ಲ. ಸದ್ದಾಗದಂತೆ ನಡೆದು ಬಂದು, ಕಾಯಿ ತುಂಬಿದೆಯೇ ನೋಡೋಣವೆಂದು ಬಗ್ಗಿ ಕುಳಿತು ಒಂದು ಗಿಡ ಕಿತ್ತ.

ಜುಂಜೇಶ್ ಮಲಗಿರಲಿಲ್ಲ. ಕಾವಳದಲ್ಲಿ ಕಪ್ಪಗೆ ಗುಂಡಗೆ ಕುಳಿತು ನೆಲ ಕೆದಕುತ್ತಿದ್ದ ಆಕೃತಿಯನ್ನು ಕಂಡ. ಹೆದರಿದವನ ಕಣ್ಣಿಗೆ ಹಗ್ಗವೂ ಹಾವೇ. ಅವನು ಮಾವ ಕಲಿಸಿದಂತೆ ಬೋರಲು ಮಲಗಿದ, ಮಾವ ಕಲಿಸಿದಂತೆ ಉಸಿರು ನಿಲ್ಲಿಸಿದ. ಒಂದೇ ಗುಂಡು. ಓಡಿಹೋಗಿ ಕೊಪ್ಪೆ ಸರಿಸಿದಾಗ ಅಪ್ಪನಿಗೆ ಇನ್ನೂ ಮಾತಿತ್ತು. "ನಿದ್ದೆ ಮಾಡ್ತಿದ್ದೀಯ ಅಂದ್ಕಂಡೆ ಮಗ" ಎಂದನಂತೆ.

ಸುದ್ದಿ ತಿಳಿದು ಮುದ್ದಪ್ಪನವರು ಹೊಲಕ್ಕೆ ತಲುಪಿದಾಗ ಹೆಣವನ್ನು ಎತ್ತಿಯಾಗಿತ್ತು, ಪೊಲೀಸರು ನಿಂತಿದ್ದರು. ಇಬ್ಬನಿಗೆ ಒದ್ದೆಯಾದ ಕೆಂಪು ಮಣ್ಣಿನಲ್ಲಿ ಹುಡುಗ ಮಲಗಿದ್ದ ಜಾಗ ಅಚ್ಚೊತ್ತಿತ್ತು. ಎರಡು ಮೊಣಕೈಗಳ ಕುಳಿ, ಸ್ವಲ್ಪ ಅಗಲಿಸಿ ಊರಿದ ಕಾಲ್ಬೆರಳುಗಳ ಗೀರು. ಆಗ ತಮ್ಮೊಳಗೆ ಆದದ್ದೇನೆಂಬುದನ್ನು ಅವರು ಬಹಳ ಕಾಲದ ಮೇಲೆ, ಚಹಾ ಲೋಟ ಕೈಯಲ್ಲಿ ತಣ್ಣಗಾಗುತ್ತಿದ್ದಂತೆ, ಗುರುರಾಜರಿಗೆ ಒಂದೇ ಒಂದು ಸಲ ಹೇಳಿದರು. "ಮೊಣಕೈ ಊರಿದ್ದು ನೋಡ್ದೆ ಕಣ್ರಿ. ಎಷ್ಟ್ ಚೆನ್ನಾಗಿ ಊರ್ಯಾನೆ ಅನ್ನಿಸ್ತು. ಭಾವ ಸತ್ತಿದ್ದು ಆಮ್ಯಾಕೆ ನೆಪ್ಪಾತು." ಮಾತಿನ ಮಲ್ಲ ಗುರುರಾಜ್ ಅಂದು ಆ ಲೋಟ ತೆಗೆದುಕೊಂಡು, ಬೇರೆ ಬಿಸಿ ಚಹಾ ತರಲು ಎದ್ದುಹೋದರು. ಮನುಷ್ಯನೊಳಗೆ ಇಂಥದ್ದೂ ಇರುತ್ತದೆ ಎಂಬುದು ಭಯಾನಕ ಸತ್ಯ. ಅದನ್ನು ಬಾಯಿಬಿಟ್ಟು ಹೇಳಿದವರು ಎಷ್ಟು ಜನ ಇದ್ದಾರು?

ಗಂಡ ಸತ್ತ ಹೆಣ್ಣಿಗೆ ತಿಥಿಯ ದಿನ ತವರಿನವರು ಸೀರೆ ತಂದು ಹೊದಿಸುವುದು ನಮ್ಮ ಕಡೆಯ ಪದ್ಧತಿ. ತವರೆಂದರೆ ಚಿತ್ತಮ್ಮನಿಗೆ ಈ ತಮ್ಮನೊಬ್ಬನೇ. ಮುದ್ದಪ್ಪನವರು ಸೀರೆ ಹಿಡಿದು ಅಂಗಳದಲ್ಲಿ ನಿಂತರು. ಅತ್ತು ಅತ್ತು ದನಿ ಬತ್ತಿದ ಅಕ್ಕ ಒಳಗಿನಿಂದ ಬಂದು, ಸೀರೆಯನ್ನು ಮುಟ್ಟದೆ, ಹಟ್ಟಿಯವರೆಲ್ಲರ ಎದುರಿಗೆ ಹೇಳಿದಳು: "ಅವನಿಗೆ ತಪ್ಪೋದು ಕಲಿಸಿದ್ರೆ ನನ್ನ ಗಂಡ ಇರೋನು. ನೀನು ತಪ್ಪದಂಗೆ ಕಲಿಸ್ಬಿಟ್ಟೆ."

ಹುಡುಗ ಅಡ್ಡಾದಿಡ್ಡಿ ಗುರಿಕಾರನಾಗಿದ್ದರೆ ಗುಂಡು ಗುಡ್ಡಕ್ಕೆ ಬಡಿದು ಅಪ್ಪ ಬೈದುಕೊಂಡು ಎದ್ದು ಬರುತ್ತಿದ್ದ. ಮುದ್ದಪ್ಪನವರು ಸೀರೆ ಹಿಡಿದುಕೊಂಡೇ ಹಿಂತಿರುಗಿದರು. ಹುಡುಗನಿಗೆ ಒತ್ತುವುದನ್ನು ಕಲಿಸಿದ ತೋರುಬೆರಳು ಅಂದಿನಿಂದ ಮಡಚಿಕೊಂಡಿತು. ಜುಂಜೇಶನ ಮೇಲೆ ಕೇಸಾಯಿತು, ಶಿಕ್ಷೆಯಾಯಿತು, ಅದು ಮುಗಿಯಿತು ಕೂಡ. ಈಗ ಅವನು ಕುರಿಮಂದೆ ಹೊಡೆದುಕೊಂಡು ಆಂಧ್ರದ ಸೀಮೆಯಲ್ಲೇ ತಿರುಗುತ್ತಾನೆ, ಹಟ್ಟಿಗೆ ಅಪರೂಪ. ಚಿತ್ತಮ್ಮ ಮಾತ್ರ ಅಂದಿನಿಂದ ತಮ್ಮನೆಂಬ ಶಬ್ದವನ್ನೇ ಬಿಟ್ಟಳು. ಯಾರಾದರೂ ವಿಷಯ ತೆಗೆದರೆ 'ಆ ಹವಾಲ್ದಾರ' ಎನ್ನುತ್ತಾಳೆ. ಪ್ರತಿ ದೀಪಾವಳಿಗೂ ಮುದ್ದಪ್ಪನವರು ಹೊಸ ಸೀರೆ ಕೊಂಡು ಆ ಹಟ್ಟಿಗೆ ಹೋಗುತ್ತಾರೆ, ಅಂಗಳದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಾರೆ, ಬಾಗಿಲು ತೆರೆಯುವುದಿಲ್ಲ, ಸೀರೆಯೊಂದಿಗೆ ಬಸ್ಸು ಹತ್ತುತ್ತಾರೆ. ಅವರಿಗೆ ಈ ಲೋಕದಲ್ಲಿ ಬೇಕಾಗಿ ಉಳಿದಿರುವುದು ಒಂದೇ, ಅಕ್ಕನ ಬಾಯಲ್ಲಿ ಇನ್ನೊಂದು ಸಲ 'ತಮ್ಮ' ಅನ್ನಿಸಿಕೊಳ್ಳುವುದು.

ಇಷ್ಟಾದ ಮೇಲೆ ಅವರು ಬಂದೂಕಿನ ಸಹವಾಸ ಬಿಡುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಬಿಡಲಿಲ್ಲ. ಕೆಲವರು ಇದನ್ನು ಕಲ್ಲೆದೆ ಎಂದರು, ಹಟ್ಟಿಯ ಹಿರಿಯರು ನಾಚಿಕೆಗೇಡು ಎಂದರು. ಮುದ್ದಪ್ಪನವರು ಸಂತೆಯಲ್ಲಿ ಒಂದು ಕರಿ ಕಂಬಳಿ ಕೊಂಡರು, ಮುಂದಿನ ಶನಿವಾರ ಅದನ್ನು ಬಗಲಲ್ಲಿಟ್ಟುಕೊಂಡು ದುರ್ಗಕ್ಕೆ ಬಂದರು.

ಅಂದಿನಿಂದ ಶಿಬಿರದ ಮೊದಲ ಪಾಠ ಬದಲಾಗಿದೆ. ಭಾನುವಾರ ಬೆಳಕು ಹರಿಯುವ ಮೊದಲೇ ಎಲ್ಲರೂ ಕ್ವಾರಿಯ ಪಕ್ಕದ ಬೀಳುಭೂಮಿಯ ಅಂಚಿನಲ್ಲಿ, ಸುಣ್ಣದ ಗೆರೆಯ ಮೇಲೆ ನಿಲ್ಲಬೇಕು. ಬಂದೂಕುಗಳು ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಬೀಗ, ಬೀಗದ ಕೈ ಗುರುರಾಜರ ಜೇಬಿನಲ್ಲಿ. ಎದುರಿಗೆ ಮಂಜು, ಜಾಲಿಯ ಪೊದೆ, ಸುಟ್ಟ ಮರದ ಮೋಟು, ಕಲ್ಲಿನ ಗುಡ್ಡೆ. ಅದರ ನಡುವೆಲ್ಲೋ ಮುದ್ದಪ್ಪನವರು ಮೊದಲೇ ಹೋಗಿ, ಕಂಬಳಿ ಕೊಪ್ಪೆ ಹಾಕಿಕೊಂಡು ಬಗ್ಗಿ ಕುಳಿತಿರುತ್ತಾರೆ. ಕೆಟ್ಟ ಮಂಡಿ ಊರಿ ಹಾಗೆ ಕೂರುವುದು ಎಂಥ ಯಾತನೆಯೆಂದು ಅವರಿಗೇ ಗೊತ್ತು. ಗುರುರಾಜ್ ಒಬ್ಬೊಬ್ಬರನ್ನೇ ಕೇಳುತ್ತಾರೆ: ಅಲ್ಲಿ ಕಪ್ಪಗೆ ಕಾಣುವುದು ಏನು? ಒಬ್ಬ ಹಂದಿ ಎನ್ನುತ್ತಾನೆ, ಒಬ್ಬ ಕರಡಿ, ಇನ್ನೊಬ್ಬ ಧೈರ್ಯವಾಗಿ ಬಂಡೆ ಎನ್ನುತ್ತಾನೆ. ಆಮೇಲೆ ಸೀಟಿ ಊದಿದರೆ ಆ ಕಪ್ಪು ಗಂಟು ನೆಲಕ್ಕೆ ಕೈಯೂರಿ ಎದ್ದು, ಎಡಗಾಲು ಮುಂದಿಟ್ಟು, ಬಲಗಾಲು ಎಳೆಯುತ್ತ ಗೆರೆಯ ಕಡೆ ನಡೆದು ಬರುತ್ತದೆ. ಹಂದಿ ಎಂದವನ ಮುಂದೆ ನಿಂತು ಮುದ್ದಪ್ಪನವರು ಕೋಪವಿಲ್ಲದೆ ಹೇಳುತ್ತಾರೆ: "ನೀವು ನನ್ನ ಕೊಂದ್ರಿ. ಕುಂತ್ಕಳ್ರಿ, ಟೀ ಕುಡೀರಿ." 'ಗೊತ್ತಾಗ್ತಿಲ್ಲ' ಎಂದವರಿಗೆ ಮಾತ್ರ ಅಂದು ಬಂದೂಕು ಸಿಗುತ್ತದೆ.

ಗುರುರಾಜರಿಗೆ ಇದು ಮೊದಮೊದಲು ಪೀಕಲಾಟವಾಗಿತ್ತು. ಜನ ಬರುವುದು ಗುಂಡು ಹಾರಿಸಲಿಕ್ಕೆ, ಮಂಜು ನೋಡಲಿಕ್ಕಲ್ಲವಲ್ಲ. ಹೊಸದುರ್ಗದ ಕಡೆಯ ಮುರುಗೇಶಪ್ಪನೆಂಬ ಮೆಕ್ಕೆಜೋಳದ ಬೆಳೆಗಾರರಂತೂ ಮೂರು ವಾರ ಸತತವಾಗಿ 'ಹಂದಿ' ಎಂದು, ಮೂರು ವಾರವೂ ಟೀ ಕುಡಿದು, ಕೊನೆಗೆ ರೇಗಿಯೇ ಬಿಟ್ಟರು.

"ಏನ್ರಿ ಇದು ಹವಾಲ್ದಾರ್ರೇ, ಹೊಲದಾಗೆ ಹಂದಿ ಮುಂದೆ ನಿಂತ್ಕಂಡು ಗೊತ್ತಾಗ್ತಿಲ್ಲ ಅನ್ನಾಕಾಗ್ತೈತಾ? ಅಷ್ಟ್ರಾಗೆ ಬೆಳೆನೇ ಹೋಗಿರ್ತೈತೆ."

"ಹೋಗ್ಲಿ ಬಿಡ್ರಿ" ಎಂದರು ಮುದ್ದಪ್ಪ. "ಬೆಳೆ ಮುಂದಿನ್ ವರ್ಸ ಬರ್ತೈತೆ."

ಮುರುಗೇಶಪ್ಪನವರಿಗೆ ಹಳೆಯ ಕಥೆಯನ್ನು ಯಾರೋ ಪಿಸುಗುಟ್ಟಿರಬೇಕು, ನಾಲ್ಕನೆಯ ವಾರ ಅವರು ಗೆರೆಯ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡಿ, ತಲೆ ತಗ್ಗಿಸಿ, ಗೊತ್ತಾಗ್ತಿಲ್ಲ ಎಂದರು.

ಈ ಕಂಬಳಿಯ ಪಾಠದ ಸುದ್ದಿ ಬಸ್ಸಿನಿಂದ ಬಸ್ಸಿಗೆ ದಾಟಿ, ಬಣ್ಣ ಕಟ್ಟಿಕೊಂಡು ಧರ್ಮಪುರದ ಕಡೆಗೂ ತಲುಪಿತು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದು, ಆ ಹವಾಲ್ದಾರ ದುರ್ಗದಲ್ಲಿ ಭಾವನ ಸಾವನ್ನು ವಾರ ವಾರ ನಾಟಕ ಆಡಿ ತೋರಿಸುತ್ತಾನೆ, ಜನ ನಿಂತು ನೋಡುತ್ತಾರೆ ಎಂದಾಗಿತ್ತು. ಚಿತ್ತಮ್ಮ ಅದನ್ನು ಕೇಳಿದಳು. ಕಳೆದ ಚಳಿಗಾಲದ ಒಂದು ಶನಿವಾರ ಅವಳು ಒಬ್ಬಳೇ ದುರ್ಗಕ್ಕೆ ಬಂದು, ನೆಂಟರಾದ ರಂಗಕ್ಕನ ಮನೆಯಲ್ಲಿ ಉಳಿದು, ಭಾನುವಾರ ನಸುಕಿನಲ್ಲೇ ಆಟೋ ಹಿಡಿದು ಕ್ವಾರಿಗೆ ಬಂದು ಇಳಿದಳು. ಗುರುರಾಜ್ ಅವಳನ್ನು ಹಿಂದೆ ಕಂಡವರಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಚಪ್ಪಲಿಯಿಲ್ಲದ ಕಾಲಲ್ಲಿ ತಮ್ಮತ್ತ ಬೀಸಾಗಿ ಬರುತ್ತಿದ್ದ ಮುದುಕಿಯ ಮುಖ ನೋಡಿಯೇ ಯಾರೆಂದು ಊಹಿಸಿದರು.

"ಎಲ್ಲವ್ನೆ ಆ ಹವಾಲ್ದಾರ? ನನ್ನ ಗಂಡನ್ ಸಾವು ನಾಟಕ ಆಡ್ತಾನಂತೆ. ನಾನೂ ನೋಡಾಣ ಅಂತ ಬಂದಿವ್ನಿ."

ಗೆರೆಯ ಮೇಲೆ ಆ ವಾರದ ತಂಡ ನಿಂತಿತ್ತು. ಆಗಷ್ಟೇ ಒಬ್ಬ ಕರಡಿ ಎಂದಿದ್ದ, ಪಕ್ಕದವನು ಇರಬಹುದು ಎಂದಿದ್ದ. ಗುರುರಾಜ್ ಏನೂ ತೋಚದೆ, ಸೀಟಿ ಊದುವುದನ್ನೂ ಮರೆತು, ಮಂಜಿನ ಕಡೆ ಕೈ ತೋರಿಸಿದರು. "ಅಲ್ಲಿ ನೋಡ್ರಮ್ಮ."

ಚಿತ್ತಮ್ಮ ನೋಡಿದಳು. ಅಷ್ಟು ದೂರದಲ್ಲಿ, ಬೂದುಬಣ್ಣದ ಮಬ್ಬಿನಲ್ಲಿ, ಮೋಟುಗಳ ನಡುವೆ ಒಂದು ಕರಿಗಂಟು. ತನ್ನ ಗಂಡ ಕೊನೆಯ ಗಳಿಗೆಯಲ್ಲಿ ತನ್ನ ಮಗನ ಕಣ್ಣಿಗೆ ಹೇಗೆ ಕಂಡಿದ್ದನೆಂಬುದನ್ನು ಅವಳು ಅಂದು ಮೊದಲ ಸಲ ಕಂಡಳು. ಗೆರೆಯ ಮೇಲಿದ್ದವರು ಅವಳತ್ತ ನೋಡುವುದೋ ಮಂಜಿನತ್ತ ನೋಡುವುದೋ ತಿಳಿಯದೆ ನೆಲ ನೋಡುತ್ತ ನಿಂತರು. ಅವಳು ಒಂದೇ ಸಮನೆ ನೋಡಿದಳು. ಹಣೆಗೆ ಕೈ ಅಡ್ಡ ಹಿಡಿದು, ಕುತ್ತಿಗೆ ಚಾಚಿ, ಸಾಕಿದವಳು ನೋಡುವ ಹಾಗೆ ನೋಡಿದಳು. ಆಮೇಲೆ ಬಲಗೈ ಚಾಚಿ, ತೋರುಬೆರಳನ್ನು ನೆಟ್ಟಗೆ ಅತ್ತ ಮಾಡಿ, ಕರಡಿ ಎಂದಿದ್ದವನಿಗೆ ಮೆಲ್ಲಗೆ ಹೇಳಿದಳು.

"ಕರಡಿ ಅಲ್ಲ ಕಣಪ್ಪ. ಅವನು ನನ್ನ ತಮ್ಮ."

ಸೆರಗಿನಿಂದ ಮೂಗು ಒರೆಸಿಕೊಂಡು ಗುರುರಾಜರ ಕಡೆ ತಿರುಗಿ, "ಬಿರ್ರನೆ ಎಬ್ಬಿಸ್ರಿ ಅವನ್ನ. ಮಂಡಿ ಸರಿ ಇಲ್ಲ, ತಂಡಿ ನೆಲ" ಎಂದಳು. ಕಾಯುತ್ತಿದ್ದ ಆಟೋ ಹತ್ತಿ ಹೋದಳು. ಇರ್ರಮ್ಮ, ಕರೀತೀನಿ ಎಂದು ಗುರುರಾಜ್ ಹಿಂದೆ ಓಡಿದ್ದು ವ್ಯರ್ಥವಾಯಿತು.

ಸೀಟಿ ಕೇಳಿ ಎದ್ದು, ಕುಂಟುತ್ತ ಬಂದ ಮುದ್ದಪ್ಪನವರಿಗೆ ಗುರುರಾಜರೇ ಎಲ್ಲವನ್ನೂ ಹೇಳಬೇಕಾಯಿತು. ವರ್ಷಗಟ್ಟಲೆ ಯಾವ ಒಂದು ಶಬ್ದಕ್ಕಾಗಿ ಅಂಗಳದ ಕಲ್ಲಿನ ಮೇಲೆ ಕುಳಿತು ಬಂದಿದ್ದರೋ ಅದು ಆಡಿಹೋಗಿತ್ತು, ಕಂಬಳಿಯೊಳಗಿದ್ದ ಅವರಿಗೆ ಕೇಳಿಸಿರಲಿಲ್ಲ. ಅವರು ಕೊಪ್ಪೆಯನ್ನು ತಲೆಯಿಂದ ಇಳಿಸದೆ ನಿಂತೇ ಕೇಳಿಸಿಕೊಂಡರು.

"ತಮ್ಮ ಅಂದ್ಲಾ?"

"ಅಂದ್ರು."

"ಎಷ್ಟೊತ್ತು ನೋಡಿದ್ಲು?"

"ಭಾಳ ಹೊತ್ತು."

ಮುದ್ದಪ್ಪನವರು ರಸ್ತೆಯ ಕಡೆ ಒಮ್ಮೆ ನೋಡಿದರು. ಆಟೋದ ಧೂಳು ಕೂಡ ಇಳಿದಿತ್ತು. "ಅಷ್ಟೊತ್ತು ನೋಡ್ಬೇಕು" ಎಂದು ಗೆರೆಯ ಮೇಲಿದ್ದವರಿಗೆ ಹೇಳಿ, ಕಂಬಳಿ ಮಡಚತೊಡಗಿದರು. ಮಡಿಕೆ ಸರಿಬರಲಿಲ್ಲ, ತಂಡದವರೊಬ್ಬರು ಇನ್ನೊಂದು ತುದಿ ಹಿಡಿದುಕೊಂಡರು.

ಇದರಿಂದ ಎಲ್ಲ ಸರಿಹೋಯಿತೆಂದು ಬರೆಯುವ ಆಸೆ ಯಾರಿಗೆ ಇರುವುದಿಲ್ಲ? ಆದರೆ ಈ ದೀಪಾವಳಿಗೂ ಅವರು ಹಟ್ಟಿಗೆ ಹೋದರು, ಈ ಸಲವೂ ಬಾಗಿಲು ತೆರೆಯಲಿಲ್ಲ, ಸೀರೆ ಬಸ್ಸಿನಲ್ಲಿ ಅವರ ಮಡಿಲ ಮೇಲೆ ಕುಳಿತು ಯಲ್ಲದಕೆರೆಗೆ ಮರಳಿತು. ಅಕ್ಕ ತಮ್ಮನನ್ನು ಗುರುತಿಸಿದಳು, ಕ್ಷಮಿಸಲಿಲ್ಲ. ಎರಡೂ ಒಂದೇ ಅಲ್ಲವೆಂಬುದನ್ನು ಈ ಇಬ್ಬರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಅರೆಬರೆ ಕಲಿಸಿದವರು ಈ ಲೋಕದಲ್ಲಿ ನೆಮ್ಮದಿಯಾಗಿ ನಿದ್ರಿಸುತ್ತಾರೆ, ಅವರ ಶಿಷ್ಯರ ಕೈಯಲ್ಲಿ ಒಳಿತೂ ಆಗುವುದಿಲ್ಲ, ಕೆಡುಕೂ ಆಗುವುದಿಲ್ಲ. ತಮ್ಮಲ್ಲಿದ್ದುದನ್ನೆಲ್ಲ ಕೊಟ್ಟು ಕಲಿಸಿದವರ ಪಾಡು ಬೇರೆ. ಕಲಿತವನು ಬೆರಳು ಒತ್ತಿದಾಗ ಆ ಬೆರಳಿನೊಳಗೆ ಅವರೂ ಇರುತ್ತಾರೆ, ಯಾವ ನ್ಯಾಯಾಲಯವೂ ಅವರನ್ನು ಕರೆದು ಕೇಳುವುದಿಲ್ಲ. ಕರೆಯದ ಕಟಕಟೆಗೆ ತಾವಾಗಿಯೇ ಹೋಗಿ ನಿಲ್ಲುವವರು ಸಾವಿರಕ್ಕೊಬ್ಬರು ಸಿಕ್ಕಾರು. ಅವರು ದೇವರಲ್ಲಿ ಮೊರೆಯಿಡುವುದಿಲ್ಲ, ಊರಿನವರೊಂದಿಗೆ ವಾದಕ್ಕಿಳಿಯುವುದಿಲ್ಲ. ತೀರಿಹೋದವನು ಕುಳಿತಿದ್ದ ಹಾಗೆಯೇ ಮಂಜಿನಲ್ಲಿ ಹೋಗಿ ಕೂರುತ್ತಾರೆ, ಮುಂದೆ ನಿಂತವನು ಈ ಸಲವಾದರೂ ಸಾಕಷ್ಟು ಹೊತ್ತು ನೋಡಲಿ ಎಂದು.